ಅಮ್ಮನ ದಿನಸಿ ಚೀಟಿ ಮತ್ತು ಕೇನ್ಸ್ ಬರೆದ ಬಹುಮಾನದ ಪ್ರಬಂಧ

ಕಳೆದ ವರ್ಷ ಪರಿಚಯದ ಮೇಷ್ಟ್ರೊಬ್ಬರು ಫೋನ್ ಮಾಡಿದ್ದರು. ಪದವಿ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಕೊಡುವ ಅರ್ಥಶಾಸ್ತ್ರ ಸಂಶೋಧನಾ ಪ್ರಬಂಧ ಬಹುಮಾನಕ್ಕೆ ಒಂದಷ್ಟು ಬರಹಗಳು ಬಂದಿವೆ, ಮೊದಲ ಸುತ್ತಿನಲ್ಲಿ ಓದಿ ಅಂಕ ಹಾಕಿಕೊಡ್ತೀರಾ ಅಂತ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅರ್ಥಶಾಸ್ತ್ರ ಕಲಿತದ್ದು ಪತ್ರಿಕೋದ್ಯಮಕ್ಕೆ ಬಂದಮೇಲೆ, ಬಜೆಟ್ ಸುದ್ದಿ ಬರೆಯುತ್ತ ಬರೆಯುತ್ತ. ಆದರೂ ಒಪ್ಪಿಕೊಂಡೆ. 41 ಪಿಡಿಎಫ್‌ಗಳು ಬಂದವು. ಜೊತೆಗೆ ಅಂಕಪಟ್ಟಿಯ ಒಂದು ಹಾಳೆ. ಪೀಠಿಕೆಗೆ ಇಷ್ಟು, ಉಲ್ಲೇಖಗಳಿಗೆ ಇಷ್ಟು, ನಕ್ಷೆ ಮತ್ತು ಕೋಷ್ಟಕಗಳಿಗೆ ಇಷ್ಟು, ಭಾಷೆಗೆ ಇಷ್ಟು.

ಓದುತ್ತ ಹೋದರೆ ಬಹುಪಾಲು ಪ್ರಬಂಧಗಳು ಒಂದೇ ಅಚ್ಚಿನವು. ಅದೇ ವ್ಯಾಖ್ಯಾನ, ಅದೇ ಸರ್ಕಾರಿ ಅಂಕಿಅಂಶ, ಕೊನೆಗೆ ಅದೇ ಸಲಹೆಗಳು. ಒಂದು ಮಾತ್ರ ಬೇರೆ ಥರ ಇತ್ತು. ಬರೆದ ಹುಡುಗಿ ತಾಲೂಕು ಕೇಂದ್ರದ ಕಾಲೇಜಿನವಳು. ಅವಳ ಅಮ್ಮ ಎರಡು ವರ್ಷದಿಂದ ದಿನಸಿ ಅಂಗಡಿಯ ಚೀಟಿಗಳನ್ನು ಡಬ್ಬಿಯೊಂದರಲ್ಲಿ ಕೂಡಿಟ್ಟಿದ್ದರಂತೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸೋಪು, ಗ್ಯಾಸ್ ಸಿಲಿಂಡರ್, ಎಲ್ಲವನ್ನೂ ಅವಳು ತಿಂಗಳವಾರು ಜೋಡಿಸಿ ತನ್ನ ಮನೆಯದೇ ಒಂದು ಬೆಲೆ ಸೂಚ್ಯಂಕ ಮಾಡಿದ್ದಳು. ಟಿವಿಯಲ್ಲಿ ಹೇಳುವ ಹಣದುಬ್ಬರಕ್ಕೂ ನಮ್ಮ ಡಬ್ಬಿಯಲ್ಲಿ ಸಿಗುವ ಹಣದುಬ್ಬರಕ್ಕೂ ಯಾಕೆ ತಾಳೆಯಾಗಲ್ಲ ಅನ್ನೋದು ಅವಳ ಪ್ರಶ್ನೆ. ಉಲ್ಲೇಖಗಳು ಕಡಿಮೆ, ಪೀಠಿಕೆ ಇರಲೇ ಇಲ್ಲ, ಭಾಷೆಯಲ್ಲೂ ತಪ್ಪುಗಳಿದ್ದವು. ಆ ಹಾಳೆಯ ಪ್ರಕಾರ ಅಂಕ ಹಾಕಿದರೆ ಅವಳು ಹತ್ತನೇ ಸ್ಥಾನಕ್ಕೂ ಬರುವುದಿಲ್ಲ. ಹೊಸ ಪ್ರಶ್ನೆ ಕೇಳಿದ್ದಕ್ಕೆ ಅಂಕ ಕೊಡೋಕೆ ಅದರಲ್ಲಿ ಜಾಗವೇ ಇರಲಿಲ್ಲ.

ಆಗ ನನಗೆ ನೆನಪಾದದ್ದು ಜಾನ್ ಮೇನಾರ್ಡ್ ಕೇನ್ಸ್. ಕಳೆದ ಶತಮಾನದ ಅತ್ಯಂತ ಪ್ರಭಾವಿ ಅರ್ಥಶಾಸ್ತ್ರಜ್ಞ ಅಂತ ಎಲ್ಲರೂ ಒಪ್ಪುವ ಈ ಮನುಷ್ಯ, 26ರ ವಯಸ್ಸಿನ ಆಸುಪಾಸಿನಲ್ಲಿ ಇಂಥದೇ ಒಂದು ಪ್ರಬಂಧ ಬಹುಮಾನಕ್ಕೆ ಬರೆದಿದ್ದ. ವಿಷಯ ಕೂಡ ಇದೇ: ಬೆಲೆ ಸೂಚ್ಯಂಕ. ಕೇನ್ಸ್‌ನ ಜೀವನವನ್ನು ಸಾಮಾನ್ಯವಾಗಿ ಯುದ್ಧ, ಆರ್ಥಿಕ ಕುಸಿತ, ಸರ್ಕಾರಿ ಖರ್ಚು ಅಂತ ಹೇಳ್ತಾರೆ. ನಾನು ಅದನ್ನು ಆ ಪ್ರಬಂಧದ ಕಡೆಯಿಂದ ಹೇಳಬೇಕು ಅಂದುಕೊಂಡಿದ್ದೇನೆ.

ಅಂಕಗಳ ಮನೆ

ಕೇನ್ಸ್ ಹುಟ್ಟಿದ್ದು 1883ರ ಜೂನ್ 5ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನ ಹಾರ್ವೆ ರೋಡಿನ ಮನೆಯಲ್ಲಿ. ಅಪ್ಪ ಜಾನ್ ನೆವಿಲ್ ಕೇನ್ಸ್ ತರ್ಕಶಾಸ್ತ್ರ ಮತ್ತು ಅರ್ಥಶಾಸ್ತ್ರದ ಮೇಷ್ಟ್ರು, ಆಮೇಲೆ ವಿಶ್ವವಿದ್ಯಾಲಯದ ಆಡಳಿತಗಾರ. ಅಮ್ಮ ಫ್ಲಾರೆನ್ಸ್ ಸಮಾಜ ಸೇವೆಯಲ್ಲಿ ತೊಡಗಿಸಿಕೊಂಡವರು, 1932ರಲ್ಲಿ ಕೇಂಬ್ರಿಡ್ಜಿನ ಮೇಯರ್ ಕೂಡ ಆದರು. ತಂಗಿ ಮಾರ್ಗರೆಟ್, ತಮ್ಮ ಜೆಫ್ರಿ. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲದ, ಪುಸ್ತಕಗಳಿಂದ ತುಂಬಿದ ಮನೆ.

ಆದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿರುವ ಒಂದು ಕಾಯಿಲೆ ಅಲ್ಲೂ ಇತ್ತು. ಅಪ್ಪನಿಗೆ ದಿನಚರಿ ಬರೆಯುವ ಅಭ್ಯಾಸ. ಮಗನ ಓದು, ಪರೀಕ್ಷೆ, ತರಗತಿಯಲ್ಲಿ ಬಂದ ಸ್ಥಾನ ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಸಿಇಟಿ ರ‍್ಯಾಂಕ್ ಬರುವ ದಿನ ಮಗನಿಗಿಂತ ಹೆಚ್ಚು ನಡುಗುವ ಅಪ್ಪಂದಿರನ್ನು ನಾವೆಲ್ಲ ನೋಡಿದ್ದೇವೆ. ನೆವಿಲ್ ಕೇನ್ಸ್ ಅಂಥವರ ಪೂರ್ವಜ ಅಂತಲೇ ಅಂದುಕೊಳ್ಳಿ. ನಮ್ಮ ಮನೆಯಲ್ಲೂ ಕ್ಯಾಲೆಂಡರಿನ ಹಿಂದೆ ನನ್ನ ಅಂಕಗಳನ್ನು ಅಪ್ಪ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಅದಕ್ಕೇ ಈ ವಿವರ ಓದಿದಾಗ ನಗು ಬಂತು, ಸ್ವಲ್ಪ ಸಂಕಟವೂ ಆಯ್ತು.

ಹುಡುಗ 1897ರಲ್ಲಿ ವಿದ್ಯಾರ್ಥಿವೇತನ ಗೆದ್ದು ಈಟನ್ ಶಾಲೆ ಸೇರಿದ. 1902ರಲ್ಲಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು. ಓದಿದ್ದು ಗಣಿತ. 1905ರ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆಯವರ ಸಾಲಿನಲ್ಲಿ 12ನೇ ಸ್ಥಾನ. ಚೆನ್ನಾಗಿಯೇ ಇತ್ತು, ಆದರೆ ಗಣಿತಜ್ಞನಾಗುವಷ್ಟು ಅಲ್ಲ. ಆಮೇಲೆ ಒಂದೇ ಒಂದು ಅವಧಿ, ಅಂದರೆ ಕೆಲವೇ ವಾರಗಳ ಕಾಲ, ಆಲ್ಫ್ರೆಡ್ ಮಾರ್ಷಲ್ ಬಳಿ ಅರ್ಥಶಾಸ್ತ್ರ ಕಲಿತ. ಮಾರ್ಷಲ್ ಅಂದರೆ ಆ ಕಾಲದ ಬ್ರಿಟಿಷ್ ಅರ್ಥಶಾಸ್ತ್ರದ ದೊಡ್ಡ ಮೇಷ್ಟ್ರು. ಈ ಹುಡುಗ ಇಲ್ಲೇ ಉಳಿಯಲಿ ಅಂತ ಅವರಿಗೆ ಆಸೆ. ಅರ್ಥಶಾಸ್ತ್ರದಲ್ಲಿ ಕೇನ್ಸ್ ಪದವಿಯನ್ನೇ ಪಡೆಯಲಿಲ್ಲ ಅನ್ನೋದನ್ನು ಇಲ್ಲಿ ಗಮನಿಸಿ. ಎಂಜಿನಿಯರಿಂಗ್ ಓದಿ ಇನ್ನೊಂದು ಕ್ಷೇತ್ರಕ್ಕೆ ನುಸುಳಿದ ನಮ್ಮಂಥವರಿಗೆ ಇದು ಸಣ್ಣ ಸಮಾಧಾನ.

ಎರಡನೇ ರ‍್ಯಾಂಕ್ ಮತ್ತು ಹತ್ತು ಹೋರಿಗಳು

1906ರಲ್ಲಿ ಕೇನ್ಸ್ ಸಿವಿಲ್ ಸರ್ವಿಸ್ ಪರೀಕ್ಷೆ ಬರೆದ. ಬಂದದ್ದು ಎರಡನೇ ಸ್ಥಾನ. ಮೊದಲ ಸ್ಥಾನ ಪಡೆದಾತ ಆಟೋ ನೀಮೆಯರ್. ಈ ಹೆಸರನ್ನು ನೆನಪಿಡಿ, ಮುಂದೆ ಎರಡು ಸಲ ಬರುತ್ತೆ. ಮೊದಲಿಗನಿಗೆ ಖಜಾನೆ ಇಲಾಖೆ ಸಿಕ್ಕಿತು. ಎರಡನೆಯವನಿಗೆ ಉಳಿದದ್ದು ಲಂಡನ್ನಿನ ಇಂಡಿಯಾ ಆಫೀಸ್, ಅಂದರೆ ಅಲ್ಲಿ ಕೂತು ಭಾರತವನ್ನು ಆಳುವ ಕಚೇರಿ. ತಮಾಷೆ ಅಂದರೆ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಕೇನ್ಸ್‌ಗೆ ತಾನು ಅಂದುಕೊಂಡಷ್ಟು ಅಂಕ ಬರಲಿಲ್ಲ. ಆ ವಿಷಯದಲ್ಲಿ ಪರೀಕ್ಷಕರಿಗಿಂತ ತನಗೇ ಹೆಚ್ಚು ಗೊತ್ತು ಅಂತ ಆತ ಗೊಣಗಿದ ಕಥೆ ಬಹಳ ಪ್ರಸಿದ್ಧ. ಜಂಬದ ಮಾತು ನಿಜ. ಆದರೆ ಪರೀಕ್ಷೆ ಅನ್ನೋದು ಮೇಷ್ಟ್ರಿಗೆ ಮೊದಲೇ ಗೊತ್ತಿರುವ ಉತ್ತರವನ್ನು ವಿದ್ಯಾರ್ಥಿಯಿಂದ ಕೇಳಿಸಿಕೊಳ್ಳುವ ವ್ಯವಸ್ಥೆ. ಅದರಾಚೆ ಹೋದವನಿಗೆ ಅಲ್ಲಿ ಅಂಕ ಎಲ್ಲಿಂದ ಬರಬೇಕು?

ಇಂಡಿಯಾ ಆಫೀಸಿನಲ್ಲಿ ಆತನಿಗೆ ಸಿಕ್ಕ ಮೊದಲ ಕೆಲಸಗಳಲ್ಲೊಂದು, ಹತ್ತು ಆಯರ್‌ಶೈರ್ ತಳಿಯ ಹೋರಿಗಳನ್ನು ಹಡಗಿನಲ್ಲಿ ಮುಂಬೈಗೆ ಕಳಿಸುವ ಏರ್ಪಾಡು ಮಾಡೋದು. ಆಮೇಲೆ ಕಂದಾಯ, ಅಂಕಿಅಂಶ ಮತ್ತು ವಾಣಿಜ್ಯ ವಿಭಾಗ. ಕಡತಗಳು ಬೇಗ ಮುಗಿಯುತ್ತಿದ್ದವು, ಸಮಯ ಉಳಿಯುತ್ತಿತ್ತು. ಆ ಸಮಯದಲ್ಲಿ ಕೇನ್ಸ್ ಸಂಭವನೀಯತೆಯ ತತ್ವದ ಮೇಲೆ ಒಂದು ದೊಡ್ಡ ಪ್ರಬಂಧ ಬರೆಯುತ್ತ ಕೂತ. ಗುರಿ, ಕಿಂಗ್ಸ್ ಕಾಲೇಜಿನ ಫೆಲೋಶಿಪ್.

1908ರ ಮಾರ್ಚಿನಲ್ಲಿ ಆ ಪ್ರಬಂಧ ತಿರಸ್ಕೃತವಾಯಿತು. ಓದಿದ ತೀರ್ಪುಗಾರರು ಸಾಮಾನ್ಯರಲ್ಲ. ತತ್ವಜ್ಞಾನಿ ಎ.ಎನ್. ವೈಟ್‌ಹೆಡ್ ಮತ್ತು ತರ್ಕಶಾಸ್ತ್ರಜ್ಞ ಡಬ್ಲ್ಯು.ಇ. ಜಾನ್ಸನ್. ಕೇನ್ಸ್‌ಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಸುಮ್ಮನೆ ಕೂರಲಿಲ್ಲ. ಅದೇ ಹೊತ್ತಿಗೆ ಮಾರ್ಷಲ್ ಕೇಂಬ್ರಿಡ್ಜಿನಲ್ಲಿ ಪಾಠ ಮಾಡಲು ಬಾ ಅಂತ ಕರೆದರು. ವರ್ಷಕ್ಕೆ 100 ಪೌಂಡ್, ಅದೂ ತಮ್ಮ ಕೈಯಿಂದ ಕೊಡುವ ಹಣ. ಅದೇ ವರ್ಷ ಮಾರ್ಷಲ್ ನಿವೃತ್ತರಾದರು. ಅವರ ಕುರ್ಚಿಗೆ ಬಂದ ಆರ್ಥರ್ ಪಿಗೂ ಆ ಮಾತನ್ನು ಉಳಿಸಿಕೊಂಡರು. ಅಪ್ಪ ಇನ್ನೊಂದು 100 ಪೌಂಡ್ ಸೇರಿಸಿದರು. ಕೇನ್ಸ್ ಭದ್ರವಾದ ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟು ಊರಿಗೆ ವಾಪಸಾದ. ಯುಪಿಎಸ್‌ಸಿಯಲ್ಲಿ ಎರಡನೇ ರ‍್ಯಾಂಕ್ ಬಂದು, ಎರಡು ವರ್ಷದೊಳಗೆ ಕೆಲಸ ಬಿಟ್ಟು, ಅತಿಥಿ ಉಪನ್ಯಾಸಕನಾಗ್ತೀನಿ ಅನ್ನುವ ಮಗನನ್ನು ನಮ್ಮ ಊರಿನಲ್ಲಿ ಊಹಿಸಿಕೊಳ್ಳಿ.

ಆಡಂ ಸ್ಮಿತ್ ಹೆಸರಿನ ಬಹುಮಾನ

1909 ಕೇನ್ಸ್ ಪಾಲಿಗೆ ತಿರುವಿನ ವರ್ಷ. ಮಾರ್ಚಿನಲ್ಲಿ, ತಿದ್ದಿ ಬರೆದ ಸಂಭವನೀಯತೆ ಪ್ರಬಂಧಕ್ಕೆ ಫೆಲೋಶಿಪ್ ಸಿಕ್ಕಿತು. ಅದೇ ತಿಂಗಳು ಎಕನಾಮಿಕ್ ಜರ್ನಲ್‌ನಲ್ಲಿ ಆತನ ಲೇಖನ ಬಂತು. ವಿಷಯ, ಭಾರತದ ಇತ್ತೀಚಿನ ಆರ್ಥಿಕ ವಿದ್ಯಮಾನಗಳು, ಬೆಲೆ ಏರಿಕೆ, ರೂಪಾಯಿ. ಆಮೇಲೆ ಅದೇ ವರ್ಷ ಆಡಂ ಸ್ಮಿತ್ ಬಹುಮಾನ.

ಆಡಂ ಸ್ಮಿತ್ ಬಹುಮಾನ ಅಂದರೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಯುವ ಸಂಶೋಧಕರಿಗೆ ಪ್ರಬಂಧದ ಮೇಲೆ ಕೊಡುತ್ತಿದ್ದ ಪುರಸ್ಕಾರ. ಇದರ ಹಿಂದೆ ಇದ್ದವರೂ ಮಾರ್ಷಲ್ಲೇ. ಆಗ ಅದು ಮೂರು ವರ್ಷಕ್ಕೊಮ್ಮೆ ಬರುತ್ತಿತ್ತು. 1894ರಲ್ಲಿ ಎ.ಎಲ್. ಬೌಲಿ ಗೆದ್ದಿದ್ದರು, ಮುಂದೆ ಅವರು ಬ್ರಿಟನ್ನಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಾದರು. 1903ರಲ್ಲಿ ಗೆದ್ದವರು ಇದೇ ಪಿಗೂ. ಕಾರ್ಖಾನೆಗಳಲ್ಲಿ ಮಾಲೀಕರು ಮತ್ತು ಕಾರ್ಮಿಕರ ಜಗಳಗಳನ್ನು ಬಗೆಹರಿಸುವ ಬಗ್ಗೆ ಅವರು ಬರೆದದ್ದು ಎರಡು ವರ್ಷದ ನಂತರ ಪುಸ್ತಕವೇ ಆಯಿತು. ಅಂದರೆ ಇದು ನೆನಪಿನ ಕಾಣಿಕೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಬಹುಮಾನವಾಗಿರಲಿಲ್ಲ. ಒಬ್ಬ ಯುವಕ ತಿಂಗಳುಗಟ್ಟಲೆ ಒಂದೇ ಪ್ರಶ್ನೆಯ ಜೊತೆ ಗುದ್ದಾಡಲಿ ಅಂತ ಮಾಡಿದ ಏರ್ಪಾಡು.

ಕೇನ್ಸ್ ಆರಿಸಿಕೊಂಡ ಪ್ರಶ್ನೆ ಹೊರನೋಟಕ್ಕೆ ಒಣ ಗಣಿತ. ಹಣದ ಬೆಲೆಯನ್ನು ಅಳೆಯೋದು ಹೇಗೆ? ಸೂಚ್ಯಂಕ ಅಂದರೆ ನಿಜಕ್ಕೂ ಏನನ್ನು ಅಳೆಯುತ್ತೆ?

ಇದನ್ನು ನಮ್ಮ ಸಂತೆಗೆ ತಂದು ಹೇಳ್ತೀನಿ. ಅಕ್ಕಿ ಬೆಲೆ ಏರಿದೆ, ಟಿವಿ ಬೆಲೆ ಇಳಿದಿದೆ, ಬಸ್ ಚಾರ್ಜ್ ಅಷ್ಟೇ ಇದೆ ಅಂದುಕೊಳ್ಳಿ. ಹಾಗಾದರೆ ಒಟ್ಟಾರೆ ಬೆಲೆ ಏರಿದೆಯೋ ಇಳಿದಿದೆಯೋ? ಉತ್ತರ ಕೊಡಬೇಕಾದರೆ ಪ್ರತಿ ವಸ್ತುವಿಗೆ ಒಂದು ತೂಕ ಕೊಡಬೇಕು. ತಿಂಗಳ ಸಂಬಳದಲ್ಲಿ ಅಕ್ಕಿಗೆ ಎಷ್ಟು ಪಾಲು, ಟಿವಿಗೆ ಎಷ್ಟು ಪಾಲು ಅಂತ. ಆದರೆ ಯಾರ ಸಂಬಳ? ಕೂಲಿ ಮಾಡುವವಳ ಮನೆಯಲ್ಲಿ ಅಕ್ಕಿಯ ಪಾಲು ದೊಡ್ಡದು, ಸಾಫ್ಟ್‌ವೇರ್ ಮನೆಯಲ್ಲಿ ಬಾಡಿಗೆಯ ಪಾಲು ದೊಡ್ಡದು. ಒಬ್ಬಳಿಗೆ ಹಣದುಬ್ಬರ, ಇನ್ನೊಬ್ಬಳಿಗೆ ಏನೂ ಆಗಿಲ್ಲ. ಹೋಗಲಿ, ಹತ್ತು ವರ್ಷದ ಹಿಂದೆ ಬುಟ್ಟಿಯಲ್ಲಿ ಇಲ್ಲದ ಮೊಬೈಲ್ ಡೇಟಾ ಈಗ ಬಂದಿದೆಯಲ್ಲ, ಅದನ್ನು ಹಳೆಯ ಬುಟ್ಟಿಗೆ ಹೇಗೆ ಹೋಲಿಸೋದು?

ಆ ಕಾಲದಲ್ಲಿ ಕೆಲವು ದೊಡ್ಡವರ ವಾದ ಹೀಗಿತ್ತು. ಬೇರೆ ಬೇರೆ ಬೆಲೆಗಳು ಏರಿಳಿಯೋದು ಅಳತೆಯ ತಪ್ಪುಗಳ ಥರ. ಸಾಕಷ್ಟು ವಸ್ತುಗಳ ಸರಾಸರಿ ತೆಗೆದರೆ ಆ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ, ಹಣದ ನಿಜವಾದ ಬೆಲೆ ಉಳಿದುಕೊಳ್ಳುತ್ತೆ. ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಾವು ಒಂದು ತಂತಿಯ ದಪ್ಪವನ್ನು ಐದು ಸಲ ಅಳೆದು ಸರಾಸರಿ ಬರೆಯುತ್ತಿದ್ದೆವಲ್ಲ, ಹಾಗೆ. ಕೇನ್ಸ್ ಇದನ್ನು ಒಪ್ಪಲಿಲ್ಲ. ತಂತಿಗೆ ನಿಜವಾದ ದಪ್ಪ ಅಂತ ಒಂದಿದೆ. ಬೆಲೆಗಳ ಹಿಂದೆ ಅಂಥ ಒಂದೇ ನಿಜ ಸಂಖ್ಯೆ ಅಡಗಿ ಕೂತಿಲ್ಲ. ಅಕ್ಕಿ ಬೆಲೆ ಏರಿದ್ದು ಅಳತೆಯ ದೋಷ ಅಲ್ಲ, ಅದೇ ವಿಷಯ. ಸಂಭವನೀಯತೆಯ ಮೇಲೆ ವರ್ಷಗಟ್ಟಲೆ ಕೂತು ಬರೆದಿದ್ದವನಿಗೆ, ಸರಾಸರಿ ಯಾವಾಗ ಅರ್ಥಪೂರ್ಣ, ಯಾವಾಗ ಅಲ್ಲ ಅನ್ನೋದು ಚೆನ್ನಾಗಿ ಗೊತ್ತಿತ್ತು. 1908ರಲ್ಲಿ ಸೋತ ಪ್ರಬಂಧ 1909ರಲ್ಲಿ ಗೆದ್ದ ಪ್ರಬಂಧಕ್ಕೆ ಹೀಗೆ ಕೆಲಸಕ್ಕೆ ಬಂತು.

ಕೇನ್ಸ್ ಟೀಕಿಸಿದ ಆ ದೊಡ್ಡವರಲ್ಲಿ ಫ್ರಾನ್ಸಿಸ್ ಎಜ್ವರ್ತ್ ಒಬ್ಬರು. ಸೂಚ್ಯಂಕದ ವಿಷಯದಲ್ಲಿ ಆಗ ಅವರ ಮಾತೇ ಅಂತಿಮ. ಎಕನಾಮಿಕ್ ಜರ್ನಲ್‌ನ ಸಂಪಾದಕರೂ ಅವರೇ. ಎರಡು ವರ್ಷದ ನಂತರ, 1911ರಲ್ಲಿ, ಅದೇ ಪತ್ರಿಕೆಯ ಸಂಪಾದಕ ಸ್ಥಾನಕ್ಕೆ 28ರ ಕೇನ್ಸ್ ಬಂದ. ಮುಂದೆ ಎಜ್ವರ್ತ್ ಜಂಟಿ ಸಂಪಾದಕರಾಗಿ ವರ್ಷಗಟ್ಟಲೆ ಕೇನ್ಸ್ ಜೊತೆ ಕೆಲಸ ಮಾಡಿದರು. ತನ್ನನ್ನು ಟೀಕಿಸಿದ ಹುಡುಗನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಹಿರಿಯರು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಜನ ಸಿಗ್ತಾರೆ ಹೇಳಿ?

ನೋಡದ ದೇಶದ ಪುಸ್ತಕ

ಕೇನ್ಸ್‌ನ ಮೊದಲ ಪುಸ್ತಕ 1913ರಲ್ಲಿ ಬಂತು, ಭಾರತದ ನಾಣ್ಯ ಮತ್ತು ಹಣಕಾಸಿನ ಬಗ್ಗೆ. ಅದೇ ವರ್ಷ ಭಾರತದ ಹಣಕಾಸು ಕುರಿತ ರಾಯಲ್ ಕಮಿಷನ್‌ನ ಸದಸ್ಯನೂ ಆದ. ಭಾರತಕ್ಕೆ ಒಂದು ಕೇಂದ್ರ ಬ್ಯಾಂಕು ಹೇಗಿರಬೇಕು ಅನ್ನುವ ಟಿಪ್ಪಣಿ ತಯಾರಿಸಿದ. ರಿಸರ್ವ್ ಬ್ಯಾಂಕ್ ಶುರುವಾಗಲು 1935ರವರೆಗೆ ಕಾಯಬೇಕಾಯಿತು ಅನ್ನೋದು ಬೇರೆ ಮಾತು. ಇಷ್ಟೆಲ್ಲ ಬರೆದ ಮನುಷ್ಯ ಒಮ್ಮೆಯೂ ಭಾರತಕ್ಕೆ ಬರಲಿಲ್ಲ. ರೂಪಾಯಿ ಆತನಿಗೆ ಕಡತದಲ್ಲಿ ಕಾಣುವ ವಸ್ತುವಾಗಿತ್ತು. ರೈತ ಅದರಲ್ಲಿ ಕಂದಾಯ ಕಟ್ಟುವ, ಕೂಲಿಯವಳು ಅದರಲ್ಲಿ ರಾಗಿ ಕೊಳ್ಳುವ ವಸ್ತುವಾಗಿ ಕಂಡಿರಲಿಲ್ಲ. ಭಾರತಕ್ಕೆ ಚಿನ್ನದ ವಿನಿಮಯ ಪದ್ಧತಿಯೇ ಸೂಕ್ತ ಅಂತ ಆತ ವಾದಿಸಿದ. ಅಂದರೆ ಜನರ ಕೈಯಲ್ಲಿ ಬೆಳ್ಳಿ ರೂಪಾಯಿ ಮತ್ತು ನೋಟು, ಹೊರಗಿನ ವ್ಯವಹಾರಕ್ಕೆ ಮಾತ್ರ ನಿಗದಿತ ದರದಲ್ಲಿ ಚಿನ್ನದ ಜೊತೆ ಸಂಬಂಧ.

ಇದಕ್ಕೆ ಗಟ್ಟಿಯಾದ ಉತ್ತರ ಬಂದದ್ದು ಇನ್ನೊಬ್ಬ ವಿದ್ಯಾರ್ಥಿಯ ಸಂಶೋಧನೆಯಿಂದ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಿಎಸ್‌ಸಿ ಪದವಿಗಾಗಿ ಬಿ.ಆರ್. ಅಂಬೇಡ್ಕರ್ ಅವರು ಬರೆದ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ 1923ರಲ್ಲಿ ಪುಸ್ತಕವಾಯಿತು. ಕೇನ್ಸ್ ಹೊಗಳಿದ ಪದ್ಧತಿಯನ್ನು ಬಾಬಾಸಾಹೇಬರು ಅದರಲ್ಲಿ ನೇರವಾಗಿ ಪ್ರಶ್ನಿಸಿದರು. ಈ ಪದ್ಧತಿಯಲ್ಲಿ ಸರ್ಕಾರ ಮನಸ್ಸಿಗೆ ಬಂದಷ್ಟು ರೂಪಾಯಿ ಹೊರಡಿಸಬಹುದು, ಆಗ ದೇಶದೊಳಗೆ ಬೆಲೆಗಳು ಸ್ಥಿರವಾಗಿ ನಿಲ್ಲಲ್ಲ, ಪೆಟ್ಟು ಬೀಳೋದು ಬಡವರಿಗೆ ಅನ್ನೋದು ಅವರ ವಾದದ ತಿರುಳು. ಮುಂದೆ ಹಿಲ್ಟನ್ ಯಂಗ್ ಕಮಿಷನ್ ಮುಂದೆ ಅಂಬೇಡ್ಕರ್ ಅವರೂ ಸಾಕ್ಷ್ಯ ಹೇಳಿದರು, ಕೇನ್ಸ್ ಕೂಡ ಹೇಳಿದ. ಬಹುಮಾನ ಗೆದ್ದ ಕೇಂಬ್ರಿಡ್ಜ್ ಪಂಡಿತನ ಎದುರು, ವಿದ್ಯಾರ್ಥಿಯಾಗಿದ್ದಾಗ ಬರೆದ ಪ್ರಬಂಧವೊಂದು ಸರಿಸಮನಾಗಿ ನಿಂತ ಉದಾಹರಣೆ ಇದು. ನಮ್ಮ ಅರ್ಥಶಾಸ್ತ್ರ ತರಗತಿಗಳಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸೋದು ಅಪರೂಪ.

ಮೊದಲ ರ‍್ಯಾಂಕಿನವನ ಎದುರು

ಮೊದಲ ಮಹಾಯುದ್ಧದಲ್ಲಿ ಕೇನ್ಸ್ ಖಜಾನೆ ಇಲಾಖೆಗೆ ಸೇರಿದ. 1919ರಲ್ಲಿ ಪ್ಯಾರಿಸ್ ಶಾಂತಿ ಸಭೆಗೆ ಹೋದ. ಸೋತ ಜರ್ಮನಿಯ ಮೇಲೆ ಹೇರಿದ ಪರಿಹಾರದ ಮೊತ್ತವನ್ನು ಆ ದೇಶ ಕೊಡಲಾರದು, ಇದರಿಂದ ಯುರೋಪೇ ಹಾಳಾಗುತ್ತೆ ಅಂತ ರಾಜೀನಾಮೆ ಕೊಟ್ಟು ಹೊರಬಂದು, ಅದೇ ವರ್ಷದ ಕೊನೆಗೆ ಪುಸ್ತಕ ಬರೆದ. ಆ ಪುಸ್ತಕ ಆತನನ್ನು ಜಗತ್ತಿಗೆ ಪರಿಚಯಿಸಿತು.

1925ರಲ್ಲಿ ಎರಡು ಘಟನೆಗಳು. ರಷ್ಯಾದ ಬ್ಯಾಲೆ ನರ್ತಕಿ ಲಿಡಿಯಾ ಲೊಪೊಕೊವಾ ಜೊತೆ ಮದುವೆ. ಮತ್ತು ಬ್ರಿಟನ್ ಪೌಂಡನ್ನು ಯುದ್ಧಪೂರ್ವದ 4.86 ಡಾಲರ್ ದರದಲ್ಲೇ ಮತ್ತೆ ಚಿನ್ನಕ್ಕೆ ಕಟ್ಟಿದ್ದು. ಹಣಕಾಸು ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಹಾಗೆ ಮಾಡಿ ಅಂತ ಸಲಹೆ ಕೊಟ್ಟ ಖಜಾನೆಯ ಹಿರಿಯ ಅಧಿಕಾರಿ ಯಾರು ಗೊತ್ತೆ? ಆಟೋ ನೀಮೆಯರ್. 1906ರ ಮೊದಲ ರ‍್ಯಾಂಕ್! ಕೇನ್ಸ್ ಇದನ್ನು ಕಟುವಾಗಿ ವಿರೋಧಿಸಿದ. ಪೌಂಡ್ ದುಬಾರಿಯಾದರೆ ರಫ್ತು ಕುಸಿಯುತ್ತೆ, ಅದನ್ನು ಸರಿದೂಗಿಸಲು ಗಣಿ ಕಾರ್ಮಿಕರ ಕೂಲಿ ಕಡಿತ ಮಾಡ್ತಾರೆ ಅಂತ ಬರೆದ. 1926ರಲ್ಲಿ ಗಣಿ ಕಾರ್ಮಿಕರ ಕೂಲಿ ವಿಚಾರದಲ್ಲೇ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. 1931ರಲ್ಲಿ ಬ್ರಿಟನ್ ಚಿನ್ನವನ್ನು ಬಿಟ್ಟಿತು. ಇದೇ ನೀಮೆಯರ್ ಮುಂದೆ ಭಾರತದ ಚರಿತ್ರೆಗೂ ಬರ್ತಾನೆ. ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಆದಾಯ ತೆರಿಗೆ ಹಂಚುವ 1936ರ ಸೂತ್ರ ಆತನದೇ. ತೆರಿಗೆ ಪಾಲಿಗಾಗಿ ಕರ್ನಾಟಕ ಇವತ್ತು ಎತ್ತುವ ಪ್ರಶ್ನೆಗಳ ಹಳೆಯ ಪುಟಗಳಲ್ಲಿ ಆ ಹೆಸರಿದೆ. ನೀಮೆಯರ್ ದಡ್ಡನಲ್ಲ, ಕೆಟ್ಟವನೂ ಅಲ್ಲ. ತನಗೆ ಕಲಿಸಿದ ಉತ್ತರವನ್ನು ಚೆನ್ನಾಗಿ ಬರೆಯಬಲ್ಲವನಾಗಿದ್ದ. 1925ರಲ್ಲಿ ಪ್ರಶ್ನೆಯೇ ಬದಲಾಗಿತ್ತು.

1909ರ ಪ್ರಬಂಧದ ಪ್ರಶ್ನೆಯನ್ನು ಕೇನ್ಸ್ ಮಾತ್ರ ಕೈಬಿಡಲಿಲ್ಲ. 1930ರಲ್ಲಿ ಹಣದ ಬಗ್ಗೆ ಎರಡು ಸಂಪುಟಗಳ ಗ್ರಂಥ ಬರೆದಾಗ ಒಂದಿಡೀ ಭಾಗವನ್ನು ಹಣದ ಬೆಲೆ ಮತ್ತು ಸೂಚ್ಯಂಕಗಳಿಗೆ ಮೀಸಲಿಟ್ಟ. 1936ರ ಜನರಲ್ ಥಿಯರಿಯಲ್ಲಿ, ಉದ್ಯೋಗ ಯಾಕೆ ಸಿಗಲ್ಲ ಅನ್ನೋದನ್ನು ವಿವರಿಸುವ ಮೊದಲು, ಯಾವ ಅಳತೆಗೋಲು ಬಳಸಬೇಕು ಅಂತಲೇ ಒಂದು ಅಧ್ಯಾಯ ಬರೆದ. ಒಟ್ಟಾರೆ ಬೆಲೆ ಮಟ್ಟ ಅನ್ನೋದು ಸಿದ್ಧಾಂತ ಕಟ್ಟುವಷ್ಟು ನಿಖರವಲ್ಲ ಅಂತ ಪಕ್ಕಕ್ಕಿಟ್ಟು, ಹಣದ ಮೊತ್ತ ಮತ್ತು ಉದ್ಯೋಗದ ಪ್ರಮಾಣ ಈ ಎರಡನ್ನೇ ಆಧಾರ ಮಾಡಿಕೊಂಡ. ನಿರುದ್ಯೋಗ ತಾನೇ ತಾನಾಗಿ ವಾಸಿಯಾಗಲ್ಲ, ಬೇಡಿಕೆ ಕುಸಿದಾಗ ಸರ್ಕಾರ ಖರ್ಚು ಮಾಡಬೇಕು ಅನ್ನುವ ಆ ಪ್ರಸಿದ್ಧ ವಾದದ ಅಡಿಪಾಯದಲ್ಲಿ ಆ ಬಹುಮಾನದ ಪ್ರಬಂಧದ ಒಂದು ಕಲ್ಲಿದೆ. ನಡುವೆ 27 ವರ್ಷ ಕಳೆದಿತ್ತು.

ಸೋಮವಾರದ ಸಂಜೆಗಳು

ಕೇನ್ಸ್ ಮೇಷ್ಟ್ರಾಗಿ ಮಾಡಿದ ಒಂದು ಕೆಲಸ ನನಗೆ ಆತನ ಗ್ರಂಥಗಳಷ್ಟೇ ಇಷ್ಟ. 1909ರಲ್ಲೇ ಆತ ವಿದ್ಯಾರ್ಥಿಗಳಿಗಾಗಿ ಒಂದು ಪೊಲಿಟಿಕಲ್ ಎಕಾನಮಿ ಕ್ಲಬ್ ಶುರು ಮಾಡಿದ. ಸೋಮವಾರ ಸಂಜೆ ಕಿಂಗ್ಸ್ ಕಾಲೇಜಿನ ತನ್ನ ಕೋಣೆಯಲ್ಲಿ ಸಭೆ. ಒಬ್ಬರು ಪ್ರಬಂಧ ಓದಬೇಕು. ಉಳಿದವರು ಚೀಟಿ ಎತ್ತಬೇಕು. ಸಂಖ್ಯೆ ಬಂದವರು ಅದೇ ಕ್ರಮದಲ್ಲಿ ಎದ್ದು ನಿಂತು ಆ ಪ್ರಬಂಧದ ಬಗ್ಗೆ ಮಾತಾಡಬೇಕು. ಕೊನೆಗೆ ಕೇನ್ಸ್ ಮಾತಾಡುತ್ತಿದ್ದ. ಅಲ್ಲಿ ಅಂಕ ಇರಲಿಲ್ಲ, ಸ್ಥಾನ ಇರಲಿಲ್ಲ. ಬರೆದದ್ದನ್ನು ಗೆಳೆಯರ ಎದುರು ಸಮರ್ಥಿಸಿಕೊಳ್ಳಬೇಕಿತ್ತು ಅಷ್ಟೇ. ಒಂದು ದೊಡ್ಡ ತಲೆಮಾರಿನ ಅರ್ಥಶಾಸ್ತ್ರಜ್ಞರು ಆ ಕೋಣೆಯಿಂದ ಹಾದು ಬಂದರು.

ಆತನನ್ನು ದೇವರು ಮಾಡುವುದೂ ಬೇಡ. ಮನುಷ್ಯರ ತಳಿ ಸುಧಾರಣೆ ಅನ್ನುವ ಅಪಾಯಕಾರಿ ವಿಚಾರದ ಸಂಘಟನೆಯಲ್ಲಿ ವರ್ಷಗಟ್ಟಲೆ ಪದಾಧಿಕಾರಿಯಾಗಿದ್ದ. ವಸಾಹತುಗಳ ವಿಷಯದಲ್ಲಿ ಬ್ರಿಟನ್ನಿನ ಹಿತವೇ ಆತನ ಹಿತ. 1944ರ ಬ್ರೆಟನ್ ವುಡ್ಸ್ ಸಭೆಯಲ್ಲಿ ಜಗತ್ತಿನ ಹಣದ ವ್ಯವಸ್ಥೆಯನ್ನು ರೂಪಿಸಲು ಕೂತಾಗ, ಭಾರತದ ನಿಯೋಗದಲ್ಲಿ ಸಿ.ಡಿ. ದೇಶಮುಖ್, ಆರ್.ಕೆ. ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್ ಇದ್ದರು. ಯುದ್ಧಕ್ಕೆಂದು ಬ್ರಿಟನ್ ಭಾರತದಿಂದ ಪಡೆದ ಸರಕು ಮತ್ತು ಸೇವೆಯ ಸಾಲ ಯುದ್ಧ ಮುಗಿಯುವ ಹೊತ್ತಿಗೆ ನೂರು ಕೋಟಿ ಪೌಂಡನ್ನೂ ದಾಟಿತ್ತು. ಆ ಸಾಲದ ಮಾತನ್ನು ನಮ್ಮವರು ಅಲ್ಲಿ ಎತ್ತಿದರು. ಅದು ಬ್ರಿಟನ್ ಮತ್ತು ಭಾರತದ ನಡುವಿನ ವಿಷಯ, ಗೌರವದಿಂದ ತೀರಿಸುತ್ತೇವೆ ಅಂತ ಕೇನ್ಸ್ ಹೇಳಿ ಮುಗಿಸಿದ. ಮರುವರ್ಷ ಅದರಲ್ಲಿ ಒಂದು ಪಾಲನ್ನು ಮನ್ನಾ ಮಾಡಿಸಿಕೊಳ್ಳುವ ಯೋಜನೆಯಲ್ಲೂ ಆತನ ಕೈಯಿತ್ತು. ಬಂಗಾಳದ ಬರಗಾಲದ ನೆರಳಿನಲ್ಲಿದ್ದ ದೇಶಕ್ಕೆ ಆ ಹಣ ಎಷ್ಟು ಮುಖ್ಯವಾಗಿತ್ತು ಅಂತ ಬೇರೆ ಹೇಳಬೇಕಿಲ್ಲ.

ಯುದ್ಧಕಾಲದ ಇನ್ನೊಂದು ಸಂಗತಿ ನಮ್ಮ ಡಬ್ಬಿಯ ಚೀಟಿಗಳಿಗೆ ಹತ್ತಿರದ್ದು. ಬ್ರಿಟನ್ನಿನ ಕಾರ್ಮಿಕರ ಜೀವನವೆಚ್ಚ ಸೂಚ್ಯಂಕದ ತೂಕಗಳು 1904ರ ಸಮೀಕ್ಷೆಯವು. ಸುಮಾರು ನಾಲ್ಕು ದಶಕ ಹಳೆಯ ಬುಟ್ಟಿ! ಸರ್ಕಾರ ಆ ಹಳೆಯ ಬುಟ್ಟಿಯಲ್ಲಿದ್ದ ವಸ್ತುಗಳಿಗೆ ಸಹಾಯಧನ ಕೊಟ್ಟು ಸೂಚ್ಯಂಕ ಏರದಂತೆ ಹಿಡಿದಿಟ್ಟಿತು. ಸೂಚ್ಯಂಕ ಏರದಿದ್ದರೆ ಕೂಲಿ ಹೆಚ್ಚಳದ ಬೇಡಿಕೆಯೂ ಏರಲ್ಲ ಅನ್ನೋದು ಲೆಕ್ಕ. ಬುಟ್ಟಿಯ ಹೊರಗಿನ ವಸ್ತುಗಳ ಬೆಲೆ ಏರುತ್ತಲೇ ಇತ್ತು. ಸೂಚ್ಯಂಕ ಅನ್ನೋದು ಬರೀ ಅಳತೆಯಲ್ಲ, ಅಧಿಕಾರ ಇದ್ದವರ ಕೈಯಲ್ಲಿ ಅದೊಂದು ಸಾಧನ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕೇನ್ಸ್‌ನ ಹೃದಯ 1937ರಿಂದಲೇ ಕೈಕೊಟ್ಟಿತ್ತು. 1946ರ ಏಪ್ರಿಲ್ 21ರಂದು ಸಸೆಕ್ಸ್‌ನ ಟಿಲ್ಟನ್ ಮನೆಯಲ್ಲಿ, 62ನೇ ವಯಸ್ಸಿನಲ್ಲಿ ತೀರಿಕೊಂಡ. ಅಪ್ಪ, ಅಮ್ಮ ಇಬ್ಬರೂ ಆಗ ಬದುಕಿದ್ದರು. ಮಗನ ಅಂಕಗಳನ್ನು ದಿನಚರಿಯಲ್ಲಿ ಬರೆದಿಟ್ಟ ಅಪ್ಪ ಇನ್ನೂ ಮೂರು ವರ್ಷ ಇದ್ದರು.

ಆ ಹಾಳೆಯಲ್ಲಿ ಇಲ್ಲದ ಜಾಗ

ಆಡಂ ಸ್ಮಿತ್ ಬಹುಮಾನ ಮುಂದುವರೆಯಿತು. 1954ರಲ್ಲಿ ಅಮರ್ತ್ಯ ಸೇನ್, 1956ರಲ್ಲಿ ಮನಮೋಹನ್ ಸಿಂಗ್ ಅದನ್ನು ಪಡೆದರು. ಈಗ ಅದು ವರ್ಷವರ್ಷ ಅರ್ಥಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಸಿಗುತ್ತೆ. ಒಟ್ಟು ಸಾಧನೆಗೂ ಇದೆ, ಸಂಶೋಧನಾ ಪ್ರಬಂಧಕ್ಕೂ ಇದೆ.

ಆ ಹುಡುಗಿಯ ಪ್ರಬಂಧಕ್ಕೆ ಬರ್ತೀನಿ. ಅವಳ ಅನುಮಾನ ಸರಿಯಾಗಿಯೇ ಇತ್ತು. 2012 ಮೂಲ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಗ್ರಾಮೀಣ ಭಾಗಕ್ಕೆ 54.18, ನಗರಕ್ಕೆ 36.29, ಎರಡೂ ಸೇರಿಸಿದರೆ 45.86 ಇತ್ತು. ಟಿವಿಯಲ್ಲಿ ಆಗ ಬರುತ್ತಿದ್ದ ಒಂದು ಸಂಖ್ಯೆ ಆ ಮೂರನೆಯದರ ಮೇಲೆ ನಿಂತಿತ್ತು. ಅವಳ ಅಮ್ಮನ ಡಬ್ಬಿ ಮೊದಲನೆಯದಕ್ಕಿಂತಲೂ ಆಚೆಗಿತ್ತು. ನೌಕರರ ತುಟ್ಟಿಭತ್ಯೆ, ಕಾರ್ಮಿಕರ ಕನಿಷ್ಠ ವೇತನ ಏರುವುದು ಇಂಥ ಸೂಚ್ಯಂಕಗಳ ಮೇಲೆ. ಹಾಗಾಗಿ ಯಾರ ಬುಟ್ಟಿಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಅನ್ನೋದು ಯಾರಿಗೆ ಎಷ್ಟು ಊಟ ಅನ್ನುವ ಪ್ರಶ್ನೆಯೂ ಹೌದು.

ನಾನು ಹಾಳೆಯ ಅಂಚಿನಲ್ಲಿ ಪ್ರತ್ಯೇಕ ಟಿಪ್ಪಣಿ ಬರೆದು, ಅವಳ ಪ್ರಬಂಧವನ್ನು ಎರಡನೇ ಸುತ್ತಿಗೆ ಕಳಿಸಿ ಅಂತ ಒತ್ತಾಯಿಸಿದೆ. ಕಳಿಸಿದರು. ಆದರೆ ಕೊನೆಗೆ ನಾಲ್ಕನೇ ಸ್ಥಾನ, ಬಹುಮಾನ ಇದ್ದದ್ದು ಮೂರು. ಆ ಅಂಕಪಟ್ಟಿಯ ಬಗ್ಗೆ ಆಯೋಜಕರಿಗೆ ಬರೆದೆ. ಮುಂದಿನ ವರ್ಷ ನೋಡೋಣ ಅಂದರು.

ಮೇಷ್ಟ್ರ ಮೂಲಕ ಹುಡುಗಿಗೂ ಒಂದು ಪತ್ರ ಕಳಿಸಿದೆ. ಕೇನ್ಸ್ 1908ರಲ್ಲಿ ಸೋತದ್ದು, ಆ ಸೋತ ಕೆಲಸವೇ ಮರುವರ್ಷ ಉಪಯೋಗಕ್ಕೆ ಬಂದದ್ದು, ಒಂದು ಪ್ರಶ್ನೆಯನ್ನು ಆತ 27 ವರ್ಷ ಬಿಡದೆ ಹಿಡಿದದ್ದು, ಎಲ್ಲವನ್ನೂ ಅದರಲ್ಲಿ ಬರೆದೆ. ಅಂಬೇಡ್ಕರ್ ಅವರ ಪುಸ್ತಕ ಓದು ಅಂತಲೂ ಬರೆದೆ. ಎರಡು ವಾರದ ಮೇಲೆ ಉತ್ತರ ಬಂತು. ಧನ್ಯವಾದ ಹೇಳಿ, ಒಂದೇ ಒಂದು ವಿಷಯ ಕೇಳಿದ್ದಳು. ಪಡಿತರದಲ್ಲಿ ಬಿಟ್ಟಿ ಬರುವ ಅಕ್ಕಿಯನ್ನು ಸೂಚ್ಯಂಕದಲ್ಲಿ ಯಾವ ಬೆಲೆಗೆ ಹಿಡಿಯಬೇಕು ಸರ್ ಅಂತ. ಅಂಗಡಿ ಬೆಲೆಗೋ, ಸೊನ್ನೆಗೋ?

ನನಗೆ ಉತ್ತರ ಗೊತ್ತಿರಲಿಲ್ಲ. ಅದನ್ನೇ ಮುಂದಿನ ಪ್ರಬಂಧ ಮಾಡು ಅಂತ ಬರೆದೆ.